ಆರ್‌ಸಿ ಹೇಳದ ಡಿಕ್ಕಿ

ಸಿಂಧನೂರಲ್ಲಿ ಭತ್ತದ ದುಡ್ಡು ಕೈಗೆ ಬಂತಂದ್ರೆ ಹಳೇ ಕಾರಿನ ಹುಡುಕಾಟ ಶುರು. ಡೀಲರ್ ಆರ್‌ಸಿ ತೋರಿಸ್ತಾರೆ. ಅದರಲ್ಲಿ ಎಷ್ಟನೇ ಮಾಲೀಕರು ಅಂತಿರುತ್ತೆ, ಡಿಕ್ಕಿಯ ಸುದ್ದಿ ಇರಲ್ಲ.

ಹಳೆಯ ವಿಮಾ ಪಾಲಿಸಿಗಳನ್ನು ಕೇಳಿ. ಕ್ಲೇಮ್ ಇಲ್ಲದ ವರ್ಷಗಳಿಗೆ ಶೇ. 20ರಿಂದ 50ರವರೆಗೆ ನೋ ಕ್ಲೇಮ್ ಬೋನಸ್ ಇರುತ್ತದೆ. ನಡುವೆ ಅದು ಸೊನ್ನೆಯಾಗಿದ್ದರೆ, ಯಾಕೆ ಅಂತ ಕೇಳಲೇಬೇಕು. (ಕ್ಲೇಮ್ ಮಾಡದೆ ಗ್ಯಾರೇಜಲ್ಲೇ ಮುಗಿಸಿದ್ದರೆ ಪಾಲಿಸಿಯೂ ಹೇಳಲ್ಲ; ನಿಮ್ಮದೇ ಮೆಕ್ಯಾನಿಕ್‌ನ ಕರ್ಕೊಂಡು ಹೋಗಿ.)

ಕೊಂಡಮೇಲೆ ಗೊತ್ತಾಯ್ತಾ? ‘ಸೆಕೆಂಡ್ ಹ್ಯಾಂಡ್ ಮಾಲು, ಇದ್ದಂಗ ಕೊಟ್ಟೀವಿ’ ಅಂದರೆ ಸುಮ್ಮನಾಗಬೇಡಿ. ಗುಣಮಟ್ಟದ ಬಗ್ಗೆ ಸುಳ್ಳು ಹೇಳಿ ಮಾರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಅನುಚಿತ ವ್ಯಾಪಾರ. ದೂರಿಗೆ 2 ವರ್ಷ ಗಡುವು. ಕಾರಿಗೆ ಕೊಟ್ಟದ್ದು 5 ಲಕ್ಷ ರೂ. ಒಳಗಿದ್ದರೆ ಶುಲ್ಕವಿಲ್ಲ. ಕಾರು ಬೆಂಗಳೂರಲ್ಲಿ ಕೊಂಡಿದ್ದರೂ ಮಸ್ಕಿ, ಲಿಂಗಸುಗೂರಿನವರು ರಾಯಚೂರಿನ ಜಿಲ್ಲಾ ಆಯೋಗದಲ್ಲೇ ದೂರು ಕೊಡಬಹುದು. ಅದಕ್ಕೇ, ‘ಆಕ್ಸಿಡೆಂಟ್ ಆಗಿಲ್ಲ’ ಅನ್ನೋ ಮಾತನ್ನು ವಾಟ್ಸಾಪ್‌ನಲ್ಲಾದರೂ ಬರೆಸಿಕೊಂಡೇ ದುಡ್ಡು ಕೊಡಿ.