ಕಡಲಿಲ್ಲದ ಊರಿನಲ್ಲಿ ಗೋಬಿ ಮೀನು

ಕೋಲಾರ ಸೀಮೆಯವರಾದ ನಮಗೆ ಮೀನೆಂದರೆ ಕೆರೆಯ ಮೀನೇ. ಕಡಲ ಮೀನು ಜೀವಂತವಾಗಿ ಈಜುವುದನ್ನು ನೋಡಬೇಕಾದರೆ ನಮ್ಮ ಹಿರಿಯರು ಬೌರಿಂಗ್‌ಪೇಟೆಯಲ್ಲಿ ರೈಲು ಹತ್ತಿ ಮದರಾಸಿಗೆ ಹೋಗಬೇಕಾಗಿತ್ತು. ಅಲ್ಲಿಯ ಕಡಲ ದಂಡೆಯ ಮೇಲೆ ೧೯೦೯ನೆಯ ಇಸವಿಯಲ್ಲಿ ಒಂದು ಮತ್ಸ್ಯಾಲಯವು ತೆರೆಯಲ್ಪಟ್ಟಿತು. ಈಗ ಆ ಶ್ರಮವಿಲ್ಲ. ಕಡಲ ಮೀನೂ, ಅದರ ನೀರಿಗೆ ಬೇಕಾದ ಉಪ್ಪೂ ಬೆಂಗಳೂರಿನ ಅಂಗಡಿಗಳಲ್ಲಿ ದೊರೆಯುತ್ತವೆ. ಮಾಲೂರಿನವರಾಗಲಿ ಮುಳಬಾಗಿಲಿನವರಾಗಲಿ ಮನಸ್ಸು ಮಾಡಿದರೆ ಮನೆಯ ಹಜಾರದಲ್ಲಿಯೇ ಒಂದು ಪುಟ್ಟ ಕಡಲನ್ನು ಇಟ್ಟುಕೊಳ್ಳಬಹುದು. ಅಂತಹ ಚಿಕ್ಕ ತೊಟ್ಟಿಗೆ ಯಾವ ಮೀನು ತಕ್ಕುದೆಂದು ವಿಚಾರಿಸಿದರೆ ‘ಗೋಬಿ’ ಎಂಬ ಉತ್ತರವು ಬರುವುದು. ಉತ್ತರವು ಸುಳ್ಳಲ್ಲ, ಆದರೆ ಅರ್ಧ ಮಾತ್ರ ನಿಜ.

ಗೋಬಿ ಎಂದೊಡನೆ ಸಂಜೆಯ ಗಾಡಿಯ ಹೂಕೋಸಿನ ಮಂಚೂರಿಯನ್ನು ನೆನೆಯುವ ಮಕ್ಕಳಿಗೆ ಮೊದಲೇ ಹೇಳಿಬಿಡುವೆವು, ಇದು ಅದಲ್ಲ. ಗೋಬಿಯೆಂಬುದು ಸಾವಿರದೇಳುನೂರಕ್ಕೂ ಮಿಕ್ಕ ಜಾತಿಗಳುಳ್ಳ ಒಂದು ದೊಡ್ಡ ಮತ್ಸ್ಯಕುಲ. ಇವುಗಳಲ್ಲಿ ಹೆಚ್ಚಿನವುಗಳಿಗೆ ಹೊಟ್ಟೆಯ ಕೆಳಗಣ ಎರಡು ಈಜುರೆಕ್ಕೆಗಳು ಕೂಡಿಕೊಂಡು ಬಟ್ಟಲಿನ ಆಕಾರವನ್ನು ತಾಳಿರುವುದರಿಂದ, ಮೀನು ಕಲ್ಲಿಗೆ ಅಂಟಿಕೊಂಡು ಕುಳಿತಿರಬಲ್ಲುದು. ಅಲೆದಾಡುವ ಚಪಲವು ಕಡಿಮೆ. ಚಿಕ್ಕ ತೊಟ್ಟಿಗೆ ಒಗ್ಗುವುದು ಈ ಗುಣದಿಂದಲೇ.

ನಾವು ಮೊದಲ ಸಲ ಬಣ್ಣಕ್ಕೆ ಮರುಳಾದೆವು. ಬಿಳುಪಾದ ಮೈಯ ಮೇಲೆ ಕಿತ್ತಳೆಯ ಚುಕ್ಕೆಗಳಿದ್ದ ಒಂದು ಗೋಬಿಯನ್ನು ತಂದು ನಲವತ್ತು ಲೀಟರಿನ ತೊಟ್ಟಿಗೆ ಬಿಟ್ಟೆವು. ಅದು ಬಾಯ್ತುಂಬ ಮರಳನ್ನು ಮೊಗೆದು ಕಿವಿರುಗಳಿಂದ ಹೊರಚೆಲ್ಲುವುದನ್ನು ಕಂಡು ಮನೆಯ ಮಕ್ಕಳು ‘ಜರಡಿ ಅಜ್ಜಿ’ ಎಂದು ಹೆಸರಿಟ್ಟರು. ಎರಡು ತಿಂಗಳೊಳಗೆ ಅಜ್ಜಿಯ ಹೊಟ್ಟೆ ಒಳಕ್ಕೆ ಸೇದಿಹೋಯಿತು. ಅದು ಜರಡಿಯಾಡುತ್ತಿದ್ದುದು ಆಟಕ್ಕಲ್ಲ. ಮರಳಿನೊಳಗಣ ಸಣ್ಣ ಸಣ್ಣ ಜೀವಿಗಳನ್ನು ಹುಡುಕಿ ತಿನ್ನುವುದಕ್ಕೆ. ನಮ್ಮ ತೊಟ್ಟಿಯ ನಾಲ್ಕು ಹಿಡಿ ಮರಳಿನಲ್ಲಿ ಅದಕ್ಕೆ ಎಷ್ಟು ದಿನದ ಗ್ರಾಸವಿದ್ದೀತು? ಮಕ್ಕಳ ಕಣ್ಣೆದುರಿನಲ್ಲಿಯೇ ಅದು ಹಸಿವಿನಿಂದ ಸತ್ತಿತು. ಅಂಗಡಿಯವರನ್ನು ದೂರಲಾರೆವು. ಏನು ತಿನ್ನುವುದೆಂದು ಕೇಳದೆ ಬಂದವರು ನಾವೇ.

ಆದಕಾರಣ ಮೈಬಣ್ಣವನ್ನು ನೋಡುವ ಮೊದಲು ಹೊಟ್ಟೆಪಾಡನ್ನು ವಿಚಾರಿಸತಕ್ಕದ್ದು. ಆ ಲೆಕ್ಕದಲ್ಲಿ ನಮಗೆ ಮೆಚ್ಚಾದುದು ಹಳದಿಯ ಕಾವಲುಗಾರ ಗೋಬಿ. ಬೆಳೆದರೆ ಗೇಣಿಗಿಂತ ಬಹಳ ಕಡಿಮೆ. ಚೂರು ಮಾಡಿದ ಸಿಗಡಿಯ ಮಾಂಸವನ್ನು ತಕರಾರಿಲ್ಲದೆ ತಿನ್ನುವುದು. ಇದಕ್ಕೂ ಒಂದು ಬಗೆಯ ಪಿಸ್ತೂಲು ಸಿಗಡಿಗೂ ಇರುವ ಒಕ್ಕಲುತನವು ನೋಡತಕ್ಕದ್ದು. ಸಿಗಡಿಗೆ ದೃಷ್ಟಿ ಬಲು ಮಂದ, ಆದರೆ ಬಿಲ ತೋಡುವುದರಲ್ಲಿ ಗಟ್ಟಿಗ. ಗೋಬಿಗೆ ಕಣ್ಣು ಚುರುಕು, ತೋಡುವ ಕೆಲಸ ಬಾರದು. ಸಿಗಡಿಯು ಬುಲ್ಡೋಜರಿನಂತೆ ಮರಳನ್ನು ಹೊರಕ್ಕೆ ನೂಕುತ್ತಿರುವಾಗ ತನ್ನ ಮೀಸೆಯ ಎಳೆಯೊಂದನ್ನು ಗೋಬಿಯ ಮೈಗೆ ತಾಗಿಸಿಕೊಂಡೇ ಇರುವುದು. ಅಪಾಯವೇನಾದರೂ ಸುಳಿದರೆ ಗೋಬಿಯು ಬಾಲವನ್ನು ಅಲುಗಿಸುವುದು; ಮರುಕ್ಷಣವೇ ಇಬ್ಬರೂ ಬಿಲದೊಳಗೆ! ಈ ಜೋಡಿಗೆ ಎಪ್ಪತ್ತು ಎಂಬತ್ತು ಲೀಟರಿನ ತೊಟ್ಟಿಯೂ, ನಾಲ್ಕಾರು ಅಂಗುಲ ಮರಳೂ ಇದ್ದರೆ ಮೇಲು. ಕಲ್ಲುಗಳನ್ನು ಮೊದಲು ಗಾಜಿನ ತಳದ ಮೇಲೆ ಭದ್ರವಾಗಿ ಕೂರಿಸಿ ಆಮೇಲೆ ಮರಳು ಹಾಕಿರಿ. ಇಲ್ಲವಾದರೆ ಸಿಗಡಿಯು ಕಲ್ಲಿನ ಬುಡವನ್ನೇ ತೋಡಿ ತನ್ನ ಮೇಲೆ ಕೆಡವಿಕೊಳ್ಳುವುದು.

ಇನ್ನೂ ಚಿಕ್ಕ ತೊಟ್ಟಿಯಾದರೆ ನಿಯಾನ್ ಗೋಬಿಯೇ ಸರಿ. ಎರಡು ಅಂಗುಲದ ಮೈ, ಅದರ ಉದ್ದಕ್ಕೂ ಹೊಳೆಯುವ ನೀಲಿಯ ಗೀರು. ದೊಡ್ಡ ಮೀನುಗಳ ಮೈಮೇಲಿನ ಉಪದ್ರವಿ ಕ್ರಿಮಿಗಳನ್ನು ಹೆಕ್ಕಿ ತಿಂದು ಬಾಳುವ ಜೀವಿ. ತೊಟ್ಟಿಗಳಲ್ಲಿಯೇ ಮರಿ ಮಾಡಿಸಿ ಮಾರಾಟಕ್ಕೆ ತಂದ ಮೊದಮೊದಲ ಕಡಲ ಮೀನುಗಳಲ್ಲಿ ಇದೂ ಒಂದು. ಹಾಗೆ ಹುಟ್ಟಿದ ಮರಿಯು ಸಾಕಿದವರ ಕೈಯ ಆಹಾರಕ್ಕೆ ಒಗ್ಗಿರುವುದು. ಕಡಲಿನಿಂದ ಹಿಡಿದು ತಂದುದೆಂಬ ಅಳುಕೂ ಇರದು. ಹಳದಿಯ ಪುಟಾಣಿ ಕೋಡಂಗಿ ಗೋಬಿಯೂ ಮುದ್ದಾದುದೇ. ಆದರೆ ಅದು ಕವಲೊಡೆದ ಹವಳದ ಕೊಂಬೆಗಳ ನಡುವೆ ಬಾಳುವಂಥದು, ಅದಕ್ಕೆಂದು ಹವಳವನ್ನು ಕೊಳ್ಳಹೋಗಬೇಡಿರಿ. ನಮ್ಮ ದೇಶದ ಕಲ್ಲುಹವಳಗಳಿಗೆ ೨೦೦೧ರಿಂದ ವನ್ಯಜೀವಿ ಶಾಸನದ ರಕ್ಷಣೆಯುಂಟು.

ಇನ್ನು ನೀರು. ನಮ್ಮ ಜಿಲ್ಲೆಯ ಆಳವಾದ ಕೊಳವೆಬಾವಿಗಳ ನೀರು ಗಡಸು. ಅನೇಕ ಕಡೆ ಫ್ಲೋರೈಡೂ ಹೆಚ್ಚು. ಶುದ್ಧ ಕುಡಿಯುವ ನೀರಿನ ಘಟಕದಿಂದ ಇಪ್ಪತ್ತು ಲೀಟರಿನ ಎರಡು ಕ್ಯಾನುಗಳನ್ನು ತಂದರೆ ನಲವತ್ತು ಲೀಟರಾಯಿತು. ಲೀಟರಿಗೆ ಮೂವತ್ತೈದು ಗ್ರಾಮಿನಂತೆ ಅದಕ್ಕೆ ಸುಮಾರು ಒಂದು ಕಿಲೋ ನಾನೂರು ಗ್ರಾಮು ಕಡಲುಪ್ಪಿನ ಮಿಶ್ರಣ ಬೇಕು. ಅಡಿಗೆಯ ಉಪ್ಪು ಆಗದು. ಕಡಲಿನ ಸುಣ್ಣವೂ ಮೆಗ್ನೀಸಿಯಮ್ಮೂ ಅದರಲ್ಲಿಲ್ಲ. ಮನೆಯ ಹೆಂಗಸರು ಗಮನಿಸಬೇಕಾದುದೊಂದುಂಟು: ತಾಮ್ರದ ಬಿಂದಿಗೆಯಲ್ಲಿಟ್ಟ ನೀರನ್ನು ತೊಟ್ಟಿಗೆ ಹೊಯ್ಯಕೂಡದು, ತಾಮ್ರವು ಸಿಗಡಿಗೆ ವಿಷ. ಬೇಸಗೆಯಲ್ಲಿ ನೀರು ಆರಿದಾಗ ಉಪ್ಪುನೀರನ್ನು ಸೇರಿಸದೆ ಬರಿಯ ಸಿಹಿನೀರನ್ನೇ ಸೇರಿಸಬೇಕು. ಆರುವುದು ನೀರೇ ಹೊರತು ಉಪ್ಪಲ್ಲ. ಇಷ್ಟೆಲ್ಲ ಅಣಿಮಾಡಿ ನಾಲ್ಕರಿಂದ ಆರು ವಾರ ಕಾದು, ನೀರಿನಲ್ಲಿ ಅಮೋನಿಯಾ ಉಳಿಯದೆಂದು ಪರೀಕ್ಷಿಸಿಕೊಂಡ ಮೇಲೆ ಮೀನು ಬರಲಿ.

ಇಷ್ಟೊಂದು ಖಟಪಟಿಯೇಕೆ, ಕೆರೆಯ ಗೋಬಿಯನ್ನೇ ತಂದು ಬಿಡಬಾರದೆ ಎಂದು ಮಿತ್ರರೊಬ್ಬರು ಕೇಳಿದರು. ಅಂಥದೊಂದು ನಮ್ಮ ದೇಶದ ಕೆರೆ ಹೊಳೆಗಳಲ್ಲಿ ಇರುವುದು ನಿಜ. ೧೮೦೦ನೆಯ ಇಸವಿಯಲ್ಲಿ ಮೈಸೂರು ಸೀಮೆಯನ್ನು ಸುತ್ತುತ್ತ ಕೋಲಾರಕ್ಕೂ ಬಂದಿದ್ದ ಬುಕಾನನ್ ಎಂಬ ವೈದ್ಯನೇ ಮುಂದೆ ೧೮೨೨ರಲ್ಲಿ ಗಂಗಾನದಿಯ ಮೀನುಗಳನ್ನು ಕುರಿತ ಗ್ರಂಥದಲ್ಲಿ ಅದನ್ನು ವರ್ಣಿಸಿದನು. ಆದರೆ ಅದು ಅಡಿಯುದ್ದವೂ ಬೆಳೆಯಬಲ್ಲುದು. ಬಾಯಿಗೆ ಹಿಡಿಸುವ ಮೀನುಗಳನ್ನೆಲ್ಲ ನುಂಗುವುದು. ಅದು ಕೆರೆಯಲ್ಲಿಯೇ ಇರಲಿ.

ಕೊಳ್ಳುವ ದಿನ ಅವಸರಪಡಬೇಡಿರಿ. ಮೀನಿನ ಹೊಟ್ಟೆಯು ಗುಂಡಗಿದೆಯೇ ನೋಡಿರಿ, ನಿಮ್ಮೆದುರಿಗೆ ಆಹಾರ ಹಾಕಿಸಿರಿ. ಅದು ಮುನ್ನುಗ್ಗಿ ತಿಂದರೆ ಹಣ ಕೊಡಿರಿ, ಮುಖ ತಿರುಗಿಸಿದರೆ ಬರಿಗೈಯಲ್ಲಿ ಹಿಂದಿರುಗಿರಿ. ಮನೆಗೆ ತಂದ ದಿನವೇ ತೊಟ್ಟಿಗೆ ಮುಚ್ಚಳ ಹಾಕಿರಿ. ನಮ್ಮ ಕಾವಲುಗಾರನು ಮೊದಲನೆಯ ರಾತ್ರಿಯೇ ಜಿಗಿದು ಮುಚ್ಚಳಕ್ಕೆ ಹಣೆ ಚಚ್ಚಿಕೊಂಡನು. ಈಗ ಎರಡು ವರ್ಷಗಳಾದವು. ಬಿಲದ ಬಾಯಲ್ಲಿ ಕುಳಿತು, ಹಜಾರದಲ್ಲಿ ಹೋಗಿಬರುವವರನ್ನೆಲ್ಲ ದಿಟ್ಟಿಸುತ್ತಿದ್ದಾನೆ.