ಕೆಂಪು ಅದಿರು, ಕಪ್ಪು ಹಲ್ಲು

ಬಳ್ಳಾರಿಯ ಅದಿರು ಹೊತ್ತ ಲಾರಿಗಳು ಅರಬೈಲ್ ಘಟ್ಟ ಇಳಿದು ಅಂಕೋಲೆಯತ್ತ ಬರುತ್ತಿದ್ದ ವರ್ಷಗಳಲ್ಲಿ ರಸ್ತೆಯಂಚಿನ ಮರಗಳ ಎಲೆಗಳೂ ಕೆಂಪಾಗಿದ್ದವು. ಬೇಲೆಕೇರಿ ಬಂದರಿನಲ್ಲಿ ಬಿದ್ದಿದ್ದ ರಾಶಿ, 2010ರ ಜಪ್ತಿ, ಜಪ್ತಿಯಾದ ಮಾಲೇ ಕಾಣೆಯಾದದ್ದು, ಇದೆಲ್ಲ ಉತ್ತರ ಕನ್ನಡದವರಿಗೆ ಬಾಯಿಪಾಠ. ಆ ಅದಿರಿನ ಮುಖ್ಯ ಖನಿಜ ಹೆಮಟೈಟ್. ತೂಕದಲ್ಲಿ ಶೇ 70ರಷ್ಟು ಕಬ್ಬಿಣವೇ ಇದ್ದರೂ ಶುದ್ಧ ಹೆಮಟೈಟ್ ಪುಡಿಗೆ ಸಾಧಾರಣ ಅಯಸ್ಕಾಂತ ಹಿಡಿದರೆ ಅದು ಅಲುಗುವುದಿಲ್ಲ ಎನ್ನಬಹುದು. 2005ರ ಕೊನೆಯವರೆಗೆ ಕುದುರೆಮುಖದಲ್ಲಿ ಅಗೆದದ್ದು ಮ್ಯಾಗ್ನೆಟೈಟ್ ಅದಿರು. ಆ ಕಪ್ಪು ಖನಿಜದಲ್ಲಿ ಕಬ್ಬಿಣ ಶೇ 72. ಕಬ್ಬಿಣದ ಅಂಶದಲ್ಲಿ ಎರಡಕ್ಕೂ ಇಷ್ಟೇ ಅಂತರ. ಕಾಂತತ್ವದಲ್ಲಿ ಮಾತ್ರ ಇನ್ನೂರು ಪಟ್ಟಿಗೂ ಮಿಕ್ಕ ಅಂತರ.

ಕಾರಣ ಪರಮಾಣುಗಳ ಜೋಡಣೆಯಲ್ಲಿದೆ. ಪ್ರತಿ ಕಬ್ಬಿಣದ ಪರಮಾಣುವೂ ಒಂದು ಪುಟ್ಟ ಅಯಸ್ಕಾಂತ. ಹೆಮಟೈಟಿನಲ್ಲಿ ಇವು ಸಮಬಲದಲ್ಲಿ ಎದುರುಬದುರಾಗಿ ನಿಂತು ಒಂದನ್ನೊಂದು ಬಹುತೇಕ ಅಳಿಸಿಹಾಕುತ್ತವೆ. ಮ್ಯಾಗ್ನೆಟೈಟಿನಲ್ಲೂ ಎರಡು ಬಣಗಳಿವೆ, ಆದರೆ ಬಲ ಸಮನಲ್ಲ; ಕಳೆದು ಮಿಕ್ಕದ್ದೇ ನಮಗೆ ಸಿಗುವ ಸೆಳೆತ. ಇದನ್ನು 1948ರಲ್ಲಿ ಬಿಡಿಸಿ ಹೇಳಿದ ಫ್ರಾನ್ಸಿನ ಲೂಯಿ ನೀಲ್ ಅವರಿಗೆ 1970ರಲ್ಲಿ ನೊಬೆಲ್ ಬಂತು.

ಮ್ಯಾಗ್ನೆಟೈಟ್ ಹುಟ್ಟಲು ಭೂಗರ್ಭದ ಕಾವೇ ಬೇಕು ಎಂದು ಬಹುಕಾಲ ನಂಬಿದ್ದರು. 1962ರಲ್ಲಿ ವಿಜ್ಞಾನಿ ಹೈಂಜ್ ಲೋವೆನ್‌ಸ್ಟಾಮ್ ಆ ನಂಬಿಕೆಯನ್ನು ಮುರಿದರು, ಅದೂ ಒಂದು ಸಮುದ್ರಜೀವಿಯ ಹಲ್ಲು ತೋರಿಸಿ. ಅದರ ಹೆಸರು ಕೈಟನ್. ಬೆನ್ನ ಮೇಲೆ ಎಂಟು ಚಿಪ್ಪುಫಲಕ ಹೊತ್ತು ಬಂಡೆಗೆ ಅಂಟಿಕೊಂಡಿರುವ ಈ ಮೃದ್ವಂಗಿಯ ಪ್ರಭೇದಗಳು ನಮ್ಮ ಪಶ್ಚಿಮ ತೀರದ ಬಂಡೆಗಳಲ್ಲೂ ಇವೆ. ಬಂಡೆಯ ಮೇಲಿನ ಪಾಚಿಯನ್ನು ಕೆರೆದು ತಿನ್ನಲು ಅದಕ್ಕೆ ಅರದಂಥ ನಾಲಿಗೆಯಿದೆ. ಆ ನಾಲಿಗೆಯ ಪ್ರತಿ ಸಾಲಿನಲ್ಲೂ ಎರಡು ಹಲ್ಲುಗಳಿಗೆ ಮ್ಯಾಗ್ನೆಟೈಟ್ ತೊಡಿಸಿರುತ್ತದೆ. ಮುಂದಿನ ಸಾಲು ಸವೆದು ಉದುರಿದಂತೆ ಹಿಂದಿನದು ಮುಂದೆ ಸರಿಯುತ್ತದೆ. ಹಾಗಾಗಿ ಒಂದೇ ನಾಲಿಗೆಯಲ್ಲಿ ಹಲ್ಲು ತಯಾರಾಗುವ ಎಲ್ಲ ಹಂತಗಳನ್ನೂ ಸಾಲಾಗಿ ನೋಡಬಹುದು: ಹಿಂದೆ ಬರಿಯ ಕೈಟಿನ್ ಎಳೆಗಳ ಬಣ್ಣವಿಲ್ಲದ ಹಲ್ಲು, ಆಮೇಲೆ ಕಬ್ಬಿಣ ಸೇರಿ ಕೆಂಗಂದು, ಕೊನೆಗೆ ಕಡುಗಪ್ಪು. ಕಬ್ಬಿಣವನ್ನು ಅಲ್ಲಿಗೆ ಒದಗಿಸುವುದು ಫೆರಿಟಿನ್ ಎಂಬ ಪ್ರೋಟೀನು. ಕುಲುಮೆಯಿಲ್ಲದೆ, ಕಡಲ ನೀರಿನ ಉಷ್ಣತೆಯಲ್ಲೇ ನಡೆಯುವ ಈ ಕೆಲಸದಷ್ಟು ಅಚ್ಚುಕಟ್ಟಾದ ರಸಾಯನಶಾಸ್ತ್ರ ನನಗೆ ಬೇರೆಲ್ಲೂ ಕಂಡಿಲ್ಲ.

ಪ್ರಯೋಗಾಲಯದಲ್ಲೂ ಮ್ಯಾಗ್ನೆಟೈಟ್ ಮಾಡುವುದು ಸುಲಭ. 1981ರಲ್ಲಿ ರೆನೆ ಮಸ್ಸಾರ್ ಪ್ರಕಟಿಸಿದ ವಿಧಾನ ಇಂದಿಗೂ ಬಳಕೆಯಲ್ಲಿದೆ. ಫೆರಸ್ ಮತ್ತು ಫೆರಿಕ್ ಲವಣಗಳನ್ನು ಒಂದಕ್ಕೆರಡರಂತೆ ನೀರಿನಲ್ಲಿ ಕರಗಿಸಿ ಅಮೋನಿಯಾ ಸುರಿದರೆ ಕ್ಷಣದಲ್ಲೇ ಕಪ್ಪು ಗಸಿ ಇಳಿಯುತ್ತದೆ. ಗಾಳಿ ತಾಗದಂತೆ ನೈಟ್ರೋಜನ್ ಹಾಯಿಸುತ್ತಾರೆ; ಇಲ್ಲವಾದರೆ ಕಣಗಳು ಆಕ್ಸಿಜನ್ ಹೀರಿ ಕಂದು ಮ್ಯಾಗ್‌ಹೆಮೈಟ್ ಆಗುತ್ತವೆ. ಕಷ್ಟವಿರುವುದು ಗಾತ್ರವನ್ನು ಹಿಡಿತದಲ್ಲಿಡುವುದರಲ್ಲಿ. ಗಸಿಯ ಕಣಗಳಲ್ಲಿ ಒಂದು 8 ನ್ಯಾನೋಮೀಟರ್ ಇದ್ದರೆ ಇನ್ನೊಂದು 15 ಇರಬಹುದು. ಎಲ್ಲವೂ ಒಂದೇ ಅಳತೆಯಲ್ಲಿ ಬೇಕೆಂದರೆ ಕಬ್ಬಿಣದ ಸಂಯುಕ್ತವನ್ನು ಕುದಿಬಿಂದು ಹೆಚ್ಚಿರುವ ಸಾವಯವ ದ್ರವದಲ್ಲಿ 300 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಕಾಯಿಸಬೇಕು.

ಈ ಹಟವೇಕೆಂದರೆ, ಗಾತ್ರ ಬದಲಾದರೆ ಗುಣವೇ ಬದಲಾಗುತ್ತದೆ. ದೊಡ್ಡ ಹರಳಿನೊಳಗೆ ಬೇರೆಬೇರೆ ದಿಕ್ಕಿಗೆ ಮುಖಮಾಡಿದ ಅನೇಕ ಕಾಂತವಲಯಗಳಿರುತ್ತವೆ. ಸುಮಾರು 80 ನ್ಯಾನೋಮೀಟರಿಗಿಂತ ಕೆಳಗೆ ಇಡೀ ಕಣವೇ ಒಂದು ವಲಯವಾಗುತ್ತದೆ. ಕೆಸರಿನಲ್ಲಿ ವಾಸಿಸುವ ಕೆಲವು ಬ್ಯಾಕ್ಟೀರಿಯಾಗಳು ಹೆಚ್ಚುಕಡಿಮೆ ಇದೇ ಅಳತೆಯ ಹರಳುಗಳನ್ನು ದೇಹದೊಳಗೆ ಸಾಲಾಗಿ ಪೋಣಿಸಿಕೊಂಡು ದಿಕ್ಕು ಹಿಡಿಯುತ್ತವೆ. 20 ನ್ಯಾನೋಮೀಟರಿಗೂ ಕಿರಿದಾದರೆ ಕೋಣೆಯ ಉಷ್ಣವೇ ಕಣದ ಕಾಂತದಿಕ್ಕನ್ನು ಕ್ಷಣಕ್ಷಣಕ್ಕೂ ತಿರುಗಿಸುತ್ತದೆ. ಹೊರಗಿನ ಅಯಸ್ಕಾಂತ ಹತ್ತಿರ ಬಂದರೆ ಬಲವಾದ ಸೆಳೆತ, ದೂರ ಸರಿದರೆ ಏನೂ ಇಲ್ಲ.

ರಕ್ತಕ್ಕೆ ಚುಚ್ಚುವ ಕಣಕ್ಕೆ ಬೇಕಾದದ್ದು ಈ ಗುಣವೇ. ಕಾಂತತ್ವ ಉಳಿದುಬಿಟ್ಟರೆ ಕಣಗಳು ಒಂದಕ್ಕೊಂದು ಅಂಟಿ ನಾಳ ಕಟ್ಟಿಕೊಳ್ಳಬಹುದು. ಸರಿಯಾದ ಲೇಪನವಿರುವ ಕಣಗಳು ಎಂಆರ್‌ಐ ಚಿತ್ರವನ್ನು ಸ್ಪಷ್ಟಗೊಳಿಸುತ್ತವೆ. ಪರ್ಯಾಯ ಕಾಂತಕ್ಷೇತ್ರದಲ್ಲಿ ಬಿಸಿಯಾಗಿ ಗೆಡ್ಡೆಯ ಕೋಶಗಳನ್ನು ಕೊಲ್ಲಬಲ್ಲವು. ಫೆರುಮಾಕ್ಸಿಟಾಲ್ ಎಂಬ ಇಂಥ ಔಷಧಕ್ಕೆ 2009ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು ಮೂತ್ರಪಿಂಡದ ಕಾಯಿಲೆಯಿರುವವರ ರಕ್ತಹೀನತೆಗೆ. ದೇಹ ಆ ಕಣವನ್ನು ಬಿಡಿಸಿ ಕಬ್ಬಿಣ ತೆಗೆದುಕೊಳ್ಳುತ್ತದೆ, ಮಿಕ್ಕದ್ದನ್ನು ಫೆರಿಟಿನ್‌ನ 8 ನ್ಯಾನೋಮೀಟರ್ ಪೊಟರೆಯಲ್ಲಿ ಕೂಡಿಡುತ್ತದೆ. ಅಲ್ಲೂ ಅದು ಇರುವುದು ಕಬ್ಬಿಣದ ಆಕ್ಸೈಡಿನ ಕಣವಾಗಿಯೇ.