ಕಾವಿಗೆ ಕೂರಿಸುವ ಮೊದಲು ಕೋಳಿಗೂ ಒಂದು ರಕ್ತ ಪರೀಕ್ಷೆ



ಹಸುವಿಗೆ ಕೆಚ್ಚಲು ಬಾವು ಬಂದರೆ ಹಾಲು ಪರೀಕ್ಷೆ ಮಾಡಿಸುತ್ತೀರಿ. ಅದೇ ಕೊಟ್ಟಿಗೆಯಲ್ಲಿ ಮಲಗುವ ನಾಲ್ಕೈದು ನಾಟಿ ಕೋಳಿಗೂ ಪರೀಕ್ಷೆ ಇದೆ ಎಂದರೆ ಬಹಳ ಮಂದಿ ನಗುತ್ತಾರೆ. ಮರಿ ಸತ್ತರೆ "ಶೀತ ಆಗಿತ್ತು ಡಾಕ್ಟ್ರೇ" ಎಂದು ಸುಮ್ಮನಾಗುತ್ತಾರೆ.

ಒಂದು ಹ್ಯಾಟೆ 21 ದಿನ ಕಾವು ಕೂತು ಹನ್ನೆರಡು ಮರಿ ಮಾಡುತ್ತದೆ. ಮೊದಲ ಎರಡು ಮೂರು ವಾರದಲ್ಲೇ ಒಂದೊಂದಾಗಿ ಮರಿಗಳು ಮಂಕಾಗಿ, ರೆಕ್ಕೆ ಇಳಿಬಿಟ್ಟು, ಒಂದಕ್ಕೊಂದು ಅಂಟಿಕೊಂಡು ನಿಲ್ಲುತ್ತವೆ. ಹಿಂಭಾಗದ ಪುಕ್ಕಕ್ಕೆ ಸುಣ್ಣದಂತಹ ಹಿಕ್ಕೆ ಮೆತ್ತಿಕೊಂಡಿರುತ್ತದೆ. ಹೀಗಿದ್ದರೆ ಶೀತಕ್ಕಿಂತ ಮೊದಲು ಬಿಳಿ ಭೇದಿಯನ್ನು ಅನುಮಾನಿಸಿ. ಇದಕ್ಕೆ ಕಾರಣ ಸಾಲ್ಮೊನೆಲ್ಲಾ ಪುಲ್ಲೋರಮ್ ಎಂಬ ರೋಗಾಣು. ಇದರ ಜೊತೆಯದೇ ಆದ ಸಾಲ್ಮೊನೆಲ್ಲಾ ಗ್ಯಾಲಿನೇರಮ್ ಹೆಚ್ಚಾಗಿ ಬೆಳೆದ ಕೋಳಿಗೆ ಟೈಫಾಯ್ಡ್ ತರುತ್ತದೆ. ಜುಟ್ಟು ಬಿಳಿಚಿಕೊಂಡು, ಹಳದಿ ಹಸಿರು ಭೇದಿಯಾಗಿ ಕೋಳಿ ಸಾಯುತ್ತದೆ. ಕೊಕ್ಕರೆ ರೋಗದ ಲಸಿಕೆ ಇವೆರಡನ್ನೂ ತಡೆಯುವುದಿಲ್ಲ.

ತೊಂದರೆ ಇರುವುದು ಬದುಕಿ ಉಳಿದ ಮರಿಯಲ್ಲಿ. ಅದು ಬೆಳೆದು, ಮೈ ತುಂಬಿಕೊಂಡು ಮೊಟ್ಟೆ ಇಡುತ್ತದೆ. ಹೊರಗೆ ಏನೂ ಕಾಣದು. ರೋಗಾಣು ಮಾತ್ರ ಅಂಡಾಶಯದಲ್ಲಿ ಕೂತಿದ್ದು ಮೊಟ್ಟೆಯ ಮೂಲಕವೇ ಮುಂದಿನ ಮರಿಗೆ ಹೋಗುತ್ತದೆ. ನೀರಿಗೆ ಬೆರೆಸುವ ಔಷಧಿಯಿಂದ ಸಾವು ಕಡಿಮೆಯಾಗಬಹುದು, ಆದರೆ ಇಂತಹ ಕೋಳಿ ರೋಗಮುಕ್ತವಾಗುತ್ತದೆಂದು ನಂಬುವಂತಿಲ್ಲ. ಆದ್ದರಿಂದ ಔಷಧಿ ಅಂಗಡಿಗೆ ಹೋಗುವ ಮೊದಲು ಪರೀಕ್ಷೆ ಮಾಡಿಸಿ ಎನ್ನುವುದು ನನ್ನ ಸಲಹೆ.

ಪರೀಕ್ಷೆ ಸುಲಭ. ರೆಕ್ಕೆಯ ಒಳಬದಿಯ ರಕ್ತನಾಳಕ್ಕೆ ಸೂಜಿ ಚುಚ್ಚಿ ಒಂದು ಹನಿ ರಕ್ತ ತೆಗೆಯುತ್ತೇವೆ. ಬಿಳಿ ಟೈಲ್ಸ್ ಮೇಲೆ ಅದನ್ನು ಬಣ್ಣದ ಆಂಟಿಜೆನ್‌ನ ಒಂದು ಹನಿಯ ಜೊತೆ ಬೆರೆಸಿ ಮೆಲ್ಲಗೆ ಆಡಿಸುತ್ತೇವೆ. ಎರಡು ನಿಮಿಷದೊಳಗೆ ಒಡೆದ ಹಾಲಿನಂತೆ ಗರಣೆ ಗರಣೆಯಾದರೆ ಕೋಳಿಯಲ್ಲಿ ಸೋಂಕಿದೆ ಎಂದು ಲೆಕ್ಕ. ಒಂದೇ ಸಮನಾಗಿ ಉಳಿದರೆ ಸದ್ಯಕ್ಕೆ ಇಲ್ಲ. ಸದ್ಯಕ್ಕೆ ಎಂದದ್ದು ಏಕೆಂದರೆ, ಹೊಸದಾಗಿ ಸೋಂಕು ತಗುಲಿದ ಕೋಳಿ ಮೊದಲ ಸಲ ಸಿಕ್ಕಿಬೀಳದೆ ಹೋಗಬಹುದು. ಮೂರು ನಾಲ್ಕು ವಾರ ಬಿಟ್ಟು ಮತ್ತೆ ನೋಡಬೇಕು. ಕೋಳಿಗೆ ನಾಲ್ಕು ತಿಂಗಳು ತುಂಬಿರಬೇಕು, ಹುಂಜವನ್ನೂ ಬಿಡಬಾರದು.

ನಮ್ಮ ಸಂಘದ ಸದಸ್ಯೆಯೊಬ್ಬರ ಮನೆಯಲ್ಲಿ ಐದು ಕೋಳಿ ನೋಡಿದೆವು. ಒಂದರಲ್ಲಿ ಗರಣೆ ಕಟ್ಟಿತು. ಅಕ್ಕಪಕ್ಕದವರು ಕಾವಿಗೆಂದು ಕೇಳಿ ಒಯ್ಯುತ್ತಿದ್ದದ್ದು ಅದರ ಮೊಟ್ಟೆಯನ್ನೇ! "ಸಾಕಿದ್ದನ್ನ ಹೆಂಗೆ ಕೊಲ್ಲೋದು, ಸಂತೆಗೆ ಕೊಟ್ಬಿಡ್ತೀನಿ" ಎಂದರು. ಸಂತೆಗೆ ಹೋದರೆ ಅದು ಇನ್ನೊಬ್ಬರ ಹಿತ್ತಲಿಗೆ ಹೋದಂತೆಯೇ. ಅವರ ಸಂಕಟ ಅರ್ಥವಾಗುತ್ತಿತ್ತು, ಬೇರೆ ದಾರಿ ಇರಲಿಲ್ಲ. ಕೊನೆಗೆ ಒಪ್ಪಿದರು. ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿದೆವು. ಆ ಮೊಟ್ಟೆ ಒಯ್ದಿದ್ದ ಮನೆಗಳ ಕೋಳಿಗಳನ್ನೂ ನೋಡಬೇಕಾಯಿತು.

ಹಸು ಸಾಕುವ ನಿಮಗೆ ಇನ್ನೊಂದು ಮಾತು. ಮೇಲಿನ ಎರಡು ರೋಗಾಣು ಬಹುಪಾಲು ಕೋಳಿಗೇ ಸೀಮಿತ. ಆದರೆ ಸಾಲ್ಮೊನೆಲ್ಲಾ ಕುಲದ ಬೇರೆ ಬಗೆಗಳು ಕರುವಿಗೆ ಜ್ವರ, ರಕ್ತಭೇದಿ ತರುತ್ತವೆ, ಮನುಷ್ಯರನ್ನೂ ಬಿಡುವುದಿಲ್ಲ. ಅವೆಲ್ಲವನ್ನೂ ಈ ಟೈಲ್ಸ್ ಪರೀಕ್ಷೆ ಹಿಡಿಯದು, ಹಿಕ್ಕೆಯನ್ನು ಪ್ರಯೋಗಾಲಯಕ್ಕೆ ಕಳಿಸಬೇಕು. ಹಾಗಾಗಿ ಫಲಿತಾಂಶ ಏನೇ ಬರಲಿ, ಕೋಳಿ ಗೋದಲಿಯ ಮೇಲೆ ಮಲಗದಿರಲಿ. ಹಿಂಡಿ, ಬೂಸಾ ಚೀಲದ ಬಾಯಿ ಕಟ್ಟಿಡಿ. ತೊಳೆದ ಹಾಲಿನ ಕ್ಯಾನನ್ನು ಕೋಳಿ ಓಡಾಡುವ ಕಡೆ ಬೋರಲು ಹಾಕಬೇಡಿ. ಕರುವಿಗೆ ಪುಷ್ಟಿಯೆಂದು ಹಸಿ ಮೊಟ್ಟೆ ಕುಡಿಸುವವರು ಅದನ್ನು ನಿಲ್ಲಿಸುವುದು ಒಳ್ಳೆಯದು.

ಆಂಟಿಜೆನ್ ಎಲ್ಲ ಪಶು ಆಸ್ಪತ್ರೆಗಳಲ್ಲೂ ಸದಾ ಇರುವುದಿಲ್ಲ. ಹತ್ತು ಹದಿನೈದು ಮನೆಯವರು ಸೇರಿ ಸಂಘದ ಕಾರ್ಯದರ್ಶಿಯವರ ಮೂಲಕ ಮೊದಲೇ ತಿಳಿಸಿದರೆ ತರಿಸಲು ಅನುಕೂಲ. ಪರೀಕ್ಷೆಯ ದಿನ ಬೆಳಿಗ್ಗೆ ಮಂಕರಿ ಎತ್ತಬೇಡಿ, ಹೊರಬಿಟ್ಟ ನಾಟಿ ಕೋಳಿಯನ್ನು ಹಿಡಿಯುವಷ್ಟರಲ್ಲಿ ಹಾಲು ಹಾಕುವ ಹೊತ್ತು ಮೀರುತ್ತದೆ. ಮರಿ ಸತ್ತರೆ ತಿಪ್ಪೆಗೆ ಎಸೆಯದೆ, ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಐಸ್ ಜೊತೆ ಅಂದೇ ಆಸ್ಪತ್ರೆಗೆ ತಲುಪಿಸಿ, ಆಮೇಲೆ ಸೋಪು ಹಚ್ಚಿ ಕೈ ತೊಳೆದುಕೊಳ್ಳಿ.